ಟವೆಲ್ಲಿನ ಕೆಳಗೆ ಹುಟ್ಟಿದ ಮಾತು

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ನನ್ನ ಮೀಸೆ ಉದುರಿಹೋಗಲಿ. ತೊಂಬತ್ತೊಂದನೇ ಇಸವಿ, ಹಾವೇರಿಯ ದನದ ಸಂತೆ, ನಾನೇ ನಿಂತು ನೋಡಿದ್ದು.

ಅಗಡಿಯ ಮಲಂಗಸಾಬ ಮತ್ತು ನಾನು ಎತ್ತಿನ ದಲಾಲರು. ನಮ್ಮ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಚುಕಿ ದರ ಹೇಳುತ್ತೇವೆ. ಕುದುರಿದ ಮೇಲೆ ಮಾತ್ರ ಬಾಯಿಬಿಟ್ಟು "ಆತು" ಎನ್ನುತ್ತೇವೆ.

ಅವನ ಮೊಮ್ಮಗಳು ಕುಲ್ಸುಮಬಿಗೆ ಏಳು ವರ್ಷ. ಮಾತಿಲ್ಲ, ಯಾರ ಮುಖವನ್ನೂ ನೋಡಳು. ಹುಬ್ಬಳ್ಳಿಯ ಡಾಕ್ಟರು ಆಟಿಸಂ ಎಂದಿದ್ದರು. ಬೇಕಾದದ್ದನ್ನು ತಿಳಿಸಲಾಗದೆ ಗೋಡೆಗೆ ತಲೆ ಬಡಿದುಕೊಳ್ಳುವಳು. ಒಂದು ದಿನ ತಾನೇ ಅಜ್ಜನ ಟವೆಲ್ಲಿನೊಳಗೆ ಕೈ ತೂರಿಸಿದಳು. ಮಲಂಗಸಾಬ ಅಲ್ಲಿಂದ ಶುರುಮಾಡಿದ. ಒಂದು ಬೆರಳು ನೀರು, ಎರಡು ರೊಟ್ಟಿ, ಮುಷ್ಟಿ ಹಿಚುಕಿದರೆ ಆತು, ಸಾಕು. ಮುಷ್ಟಿ ಹಿಚುಕಿದಾಗಲೆಲ್ಲ ಬಾಯಲ್ಲೂ "ಆತು" ಅನ್ನುತ್ತಿದ್ದ. ತಿಂಗಳೊಳಗೆ ತಲೆ ಬಡಿದುಕೊಳ್ಳುವುದು ನಿಂತಿತು.

ಆದರೆ ಮಗಳ ಬಾಯಿಂದ ಒಂದೇ ಒಂದು ಮಾತು ಕೇಳಬೇಕೆಂದು ಅವಳ ತಾಯಿ ತಾಜಬಿಯ ಹಂಬಲ.

"ಅಬ್ಬಾ, ಬೆರಳು ರೂಢಿ ಆದ್ರ ನಾಲಗಿ ಹೊರಳತೈತೇನು? ನಾಳಿಂದ ಟವೆಲ್ ಬ್ಯಾಡ," ಎಂದಳು.

"ಇವತ್ತಿನ ಸಂತಿ ಮುಗೀಲಿ, ಬೇಟಿ," ಎಂದ ಮಲಂಗಸಾಬ.

ಆ ಸಂತೆಯಲ್ಲಿ ಐರಣಿಯ ಫಕ್ಕೀರಪ್ಪನ ಎತ್ತುಗಳನ್ನು ಬ್ಯಾಡಗಿಯ ಪ್ರಭುಲಿಂಗಪ್ಪ ಕೇಳುತ್ತಿದ್ದ. ಮಲಂಗಸಾಬನ ಬಲಗೈ ಪ್ರಭುಲಿಂಗಪ್ಪನಿಗೆ, ಎಡಗೈ ಮೊಮ್ಮಗಳಿಗೆ, ಎರಡೂ ಒಂದೇ ಟವೆಲ್ಲಿನ ಕೆಳಗೆ.

"ನೀರು ಕೇಳಾಕತ್ತಾಳ," ಎಂದ ಮಲಂಗಸಾಬ. ಪಕ್ಕದಲ್ಲೇ ಇದ್ದ ತಾಜಬಿ ನೀರಿನ ಚರಿಗೆ ಕೊಟ್ಟಳು. ಹುಡುಗಿ ಕುಡಿದು, ಅಜ್ಜನ ಮುಷ್ಟಿ ಹಿಚುಕಿ, ಗಂಟೆ ಹೊಡೆದಂತೆ "ಆತು" ಎಂದಳು.

"ಆತಂದ್ರು. ಎತ್ತು ನನ್ನವು," ಎಂದು ಪ್ರಭುಲಿಂಗಪ್ಪ ಹಗ್ಗ ಹಿಡಿದ.

"ಯಾಂವ ಅಂದಾಂವ? ನಾ ಇನ್ನೂ ಒಪ್ಪಿಲ್ಲ," ಎಂದ ಫಕ್ಕೀರಪ್ಪ.

"ಅಂದಾಂವ ಅಲ್ಲೋ, ಅಂದಾಕಿ. ಅಲ್ನೋಡು," ಎಂದೆ ನಾನು.

ಸಂತೆಗೆ ಸಂತೆಯೇ ಸುಮ್ಮನಾಯಿತು. ಮುನ್ನೂರು ಎತ್ತುಗಳು ಮೆಲುಕು ನಿಲ್ಲಿಸಿದವು. ರಾಣೆಬೆನ್ನೂರಿನಲ್ಲಿ ಬಸ್ಸು ಹೊರಟ ಸದ್ದು ನನಗೆ ಹಾವೇರಿಯಲ್ಲಿ ಕೇಳಿಸಿತು.

"ಇನ್ನೊಮ್ಮಿ ಅನ್ನು, ನನ್ನವ್ವ," ಎಂದು ತಾಜಬಿ ಮಗಳ ಗಲ್ಲ ಹಿಡಿದಳು. ಹುಡುಗಿ ಮುಖ ತಿರುಗಿಸಿದಳು.

"ಬಾಯಿ ನೋಡಬ್ಯಾಡ. ಕೈ ಹಾಕು," ಎಂದ ಮಲಂಗಸಾಬ.

ತಾಜಬಿ ಬೇರೆಡೆ ನೋಡುತ್ತ ಮೊದಲ ಸಲ ಟವೆಲ್ಲಿನೊಳಗೆ ಕೈಯಿಟ್ಟಳು. ಪುಟ್ಟ ಕೈ ಅವಳ ಮುಷ್ಟಿ ಹಿಚುಕಿತು.

"ಆತು."

ತಾಜಬಿ ಟವೆಲ್ ಕಸಿದು ತನ್ನ ಹೆಗಲಿಗೆ ಹಾಕಿಕೊಂಡಳು. "ಇದು ಇನ್ನ ನಂದು. ನೀವು ಬ್ಯಾರೇದು ತಗೊಳ್ರಿ, ಅಬ್ಬಾ."

ನಂಬಿಕೆ ಬರಲಿಲ್ಲವೇ? ಹಾಗಾದರೆ ಬಾಯಿ ತೆರೆಯದೆ ಎದುರಿನ ಆ ಹೋಟೆಲ್ಲಿನವನಿಗೆ ಎರಡು ಚಹಾ, ಒಂದು ಪ್ಲೇಟು ಮಿರ್ಚಿ ಭಜಿ ಹೇಳಿ ನೋಡಿ, ಆ ಕೂಸಿನ ಕಷ್ಟ ಗೊತ್ತಾಗುತ್ತದೆ. ಭಜಿ ಬಂದರೆ ತಿನ್ನುವ ಕಷ್ಟ ನನಗಿರಲಿ.