ಅಳದವರನ್ನು ಮೊದಲು ನೋಡು

ಮಗಳು ಬೆಳಿಗ್ಗೆ ಅಳುವುದನ್ನು ನಿಲ್ಲಿಸಿದಾಗ ಅಮ್ಮನಿಗೆ, ಸುಳ್ಳೇಕೆ, ಜೀವ ಹಗುರಾಗಿತ್ತು. ಆಕೆ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ನರ್ಸ್. ಡ್ಯೂಟಿಗೆ ಓಡುವ ಹೊತ್ತಿಗೆ ಮಗಳದು ದಿನಾ ಅದೇ ರಾಗ: "ಹೊಟ್ಟೆನೋವು, ಸ್ಕೂಲಿಗೆ ಹೋಗಲ್ಲ." ಹಿಂದಿನ ಬೆಂಚಿನ ಹುಡುಗಿಯರು ಕಾಡುತ್ತಾರೆ ಅಂತ ದೂರು ಬೇರೆ. ಅಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ ಕಣೇ. ಅವ್ರ ತಂಟೆಗೆ ಹೋಗ್ಬೇಡ, ತಾವಾಗೇ ಸುಮ್ಮನಾಗ್ತಾರೆ," ಎಂದು ಚೀಲ ಹೆಗಲಿಗೇರಿಸುತ್ತಿದ್ದಳು. ಕೊನೆಗೆ ಸುಮ್ಮನಾದದ್ದು ಮಗಳು. ತಲೆ ಬಾಚಿದರೆ ಹೂಂ, ಬಸ್ ಬಂತು ಎಂದರೆ ಹೂಂ. "ಅಬ್ಬಾ, ಅಂತೂ ದಾರಿಗೆ ಬಂದ್ಳು," ಎಂದುಕೊಂಡಳು ಮಹಾತಾಯಿ!

ಅವತ್ತು ಕೂಲಿಯವರಿದ್ದ ಲಾರಿಯೊಂದು ಮಗುಚಿ ವಾರ್ಡು ಸಂತೆಯಾಗಿತ್ತು. ಹೊಸದಾಗಿ ಸೇರಿದ್ದ ನರ್ಸ್, ಕಾಲು ಮುರಿದು ಬೊಬ್ಬೆ ಹೊಡೆಯುತ್ತಿದ್ದವನ ಕಡೆ ಓಡಿದಳು. ಅಮ್ಮ ಅವಳ ತೋಳು ಹಿಡಿದು, ಗೋಡೆಗೊರಗಿ ಸುಮ್ಮನೆ ಕೂತಿದ್ದ ಮುದುಕನತ್ತ ತಿರುಗಿಸಿದಳು.

"ಕಿರುಚೋನಿಗೆ ಇನ್ನೂ ಶಕ್ತಿ ಇದೆ, ಕಾಯ್ತಾನೆ. ಅಳದವರನ್ನ ಮೊದ್ಲು ನೋಡು. ಎಷ್ಟು ಸಲ ಹೇಳ್ಬೇಕು ನಿಂಗೆ?"

ಹೇಳುತ್ತಿದ್ದಂತೆ, ಬೆಳಿಗ್ಗೆ ಅಳದೆ ಹೂಂ ಎಂದು ಬಸ್ಸು ಹತ್ತಿದ ಮಗಳು ಕಣ್ಣ ಮುಂದೆ ಬಂದಳು. ದೀಪದ ಬುಡದಲ್ಲೇ ಕತ್ತಲೆ. ಮುದುಕನಿಗೆ ಡ್ರಿಪ್ ಹಾಕಿದಳು; ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ವಾರ್ಡು ಒಂದು ಹದಕ್ಕೆ ಬಂದ ಮೇಲೆ ಹೆಡ್‌ನರ್ಸ್‌ಗೆ ಹೇಳಿ, ಯೂನಿಫಾರ್ಮಿನಲ್ಲೇ ಸ್ಕೂಲಿಗೆ ನಡೆದಳು. ಹೆದರಿಕೆ ಆಗಲಿಲ್ಲ, ಅಳು ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು.

ಆಕೆ ಬಾಗಿಲಲ್ಲಿ ಕಂಡದ್ದೇ ತಡ, ಇಡೀ ತರಗತಿ ಎದ್ದು ನಿಂತಿತು. ಮಗಳೊಬ್ಬಳೇ ಏಳಲಿಲ್ಲ.

"ನಿಂಗೆ ಬೇರೆ ಹೇಳ್ಬೇಕಾ? ಎದ್ದೇಳು," ಎಂದರು ಟೀಚರ್. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಮ್ಮ ಹತ್ತಿರ ಹೋಗಿ ನೋಡಿದಳು. ಮಗಳ ಎರಡೂ ಜಡೆಗಳನ್ನು ಬೆಂಚಿನ ಒರಗುವ ಪಟ್ಟಿಗೆ ದಾರದಿಂದ ಬಿಗಿದಿದ್ದರು. ಮಗಳು ಬೋರ್ಡನ್ನೇ ನೋಡುತ್ತಾ ಕೂತಿದ್ದಳು. ಅಮ್ಮ ಜೇಬಿನಿಂದ ಬ್ಯಾಂಡೇಜ್ ಕತ್ತರಿ ತೆಗೆದು ದಾರ ಕತ್ತರಿಸಿ, ಅದನ್ನು ಟೀಚರ್ ಮೇಜಿನ ಮೇಲಿಟ್ಟಳು.

"ಇದನ್ನ ಕಟ್ಟಿದ್ದು ಯಾರು ಅಂತ ಹೆಡ್‌ಮಿಸ್ ಮುಂದೆ ಕೇಳೋಣ. ಕಾಣ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ. ನಂಗೂ ಕಂಡಿರ್ಲಿಲ್ಲ."

ಹೊರಗೆ ಮೆಟ್ಟಿಲ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋವಾಯ್ತಾ ಕಂದಾ?"

"ಇಲ್ಲ."

"ಸ್ವಲ್ಪಾನೂ?"

"ಇಲ್ಲ ಅಂದ್ನಲ್ಲ."

ಅಮ್ಮ ಗಡಿಯಾರ ನೋಡಲಿಲ್ಲ, ಡ್ಯೂಟಿಗೆ ಹೊತ್ತಾಯಿತು ಎನ್ನಲಿಲ್ಲ. ಕೆಂಪಾದ ಬೈತಲೆಯ ಮೇಲೆ ಅಂಗೈ ಇಟ್ಟು ಕೂತಳು. ಎಷ್ಟೋ ಹೊತ್ತಿನ ಮೇಲೆ ಮಗಳು ಆ ಕೈಯನ್ನು ತಳ್ಳಿಬಿಟ್ಟಳು.

"ಅಳ್ತಿದ್ದಾಗ ಯಾಕೆ ಬರ್ಲಿಲ್ಲ ನೀನು?"

ಎಂದವಳೇ, ಅಮ್ಮನ ಎದೆಗೆ ಗುದ್ದುತ್ತಾ, ಗಂಟಲು ಹರಿಯುವಂತೆ ಅಳತೊಡಗಿದಳು. ತರಗತಿಯ ಕಿಟಕಿಗಳಲ್ಲಿ ತಲೆಗಳು ಕಂಡವು. ಅಮ್ಮ ಸುಮ್ಮನಿರು ಎನ್ನಲಿಲ್ಲ.