ಹಚ್ಚಿಟ್ಟ ಒಲೆ

ಫ್ಯಾನ್ ಮತ್ತೆ ಕೂಗುತ್ತಿದೆ, ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಆ ಪುಟ್ಟ ಫ್ಯಾನ್, ಗಂಟಲು ಕಟ್ಟಿದವರು ಯಾರನ್ನೋ ಕರೆದ ಹಾಗೆ, ಪಾಪ, ಇದಕ್ಕೂ ವಯಸ್ಸಾಯಿತು, ಕೆಳಗೆ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿದ್ದ ಸದ್ದು, ಘಾಟು ಮೆಟ್ಟಿಲು ಹತ್ತಿಕೊಂಡು ಬರುತ್ತಿದೆ, ಎರಡು ಇಪ್ಪತ್ತು ಆಯಿತು, ಮೂರಕ್ಕೆ ಬ್ಯಾಚ್ — ಮೇಡಂ, ಹನ್ನೊಂದ್ ಜನ ಬರ್ತಾರೆ, ಎಲ್ಲಾ ಹೊಸಬ್ರು, ನಿಮ್ದು ಆ ಡಬ್ಬಿ ರೆಡಿ ಐತಾ, ಎಂದು ಬೆಳಿಗ್ಗೆಯಿಂದ ಮೂರು ಸಲ ಬಾಗಿಲಿಗೆ ಬಂದು ಕೇಳಿದ್ದಾರೆ ಕಂಪ್ಯೂಟರ್ ಸೆಂಟರಿನ ಮಾಲೀಕರು ಮಾಳಿಂಗಪ್ಪ, ಅವರ ಬಾಯಲ್ಲಿ ಅದು ಡಬ್ಬಿ, ಪುಸ್ತಕದಲ್ಲಿ ವರ್ಚುವಲ್ ಮಷೀನ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಇಡಿಯಾಗಿ ಒಂದೇ ಫೈಲಿನಲ್ಲಿ ಕಟ್ಟಿಟ್ಟದ್ದು, ಹೊಸಬರು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ತೆರೆದರೆ ಸಾಕು, ಕಲಿಯಬೇಕಾದ ಡೇಟಾಬೇಸ್, ಮಾಹಿತಿಯನ್ನು ಟೇಬಲುಗಳಲ್ಲಿ ಸಾಲುಸಾಲಾಗಿ ಇಡುವ ಸಾಫ್ಟ್‌ವೇರ್, ಒಳಗೆ ಆಗಲೇ ಕೂತಿರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಆದರೆ ಇದನ್ನು ನನ್ನ ಜೊತೆ ಕಟ್ಟಿದ ಆಶಕ್ಕನಿಗೆ ಇದು ಡಬ್ಬಿಯೂ ಅಲ್ಲ, ಮಷೀನೂ ಅಲ್ಲ — ಒಲಿ ಹಚ್ಚಾದು ಕಲಿಸ್ತಾ ಕೂತ್ರೆ ಅಡಿಗಿ ಕಲಿಸಾದು ಯಾವಾಗ ಫಿರ್ದೌಸ್, ಹೊಗಿಗೇ ಎದ್ದು ಹೋಗ್ತಾರೆ ಪಾಪ, ಹಚ್ಚಿಟ್ಟ ಒಲಿ ಕೊಡಾಣ — ಇದನ್ನು ಕಟ್ಟುವ ಮೊದಲು ಹಾಗೆ ಹೊಗೆಗೆ ಎದ್ದು ಹೋದವಳು ಆನಗೋಡಿನ ಭಾಗ್ಯಲಕ್ಷ್ಮಿ, ಮೊದಲ ದಿನವೆಲ್ಲ ಡೌನ್‌ಲೋಡ್, ಎರಡನೇ ದಿನ ಪರದೆ ತುಂಬ ಕೆಂಪಕ್ಷರ, ಮೂರನೇ ದಿನ ಪಾಸ್‌ವರ್ಡ್ ಒಪ್ಪಲೊಲ್ಲದು, ನಮ್ಮಂತೋರಿಗಲ್ಲ ಬಿಡ್ರಿ ಮೇಡಂ ಇದು, ಎಂದು ಬ್ಯಾಗಿನ ಜಿಪ್ ಎಳೆದ ಸದ್ದು ಇನ್ನೂ ಕಿವಿಯಲ್ಲಿದೆ, ಒಂದೇ ಒಂದು ಟೇಬಲ್ ನೋಡದೆ ಹೋದಳು, ಇವತ್ತು ಮತ್ತೆ ಬರುತ್ತಿದ್ದಾಳೆ, ನಾನೇ ಫೋನ್ ಮಾಡಿ ಕರೆದದ್ದು, ಈ ಸಲ ಹೊಗೆ ಇರಲ್ಲ ಬಾರವ್ವ ಎಂದೆ, ನಕ್ಕಳು — ನೀವು ಯಾವಾಗ್ಲೂ ಒಂದ್ ಮಾತು ಅಂತಿದ್ರಲ್ಲ ಮೇಡಂ — ಏನಂತಿದ್ದೆ, ಭಾಗ್ಯ, ಏನಂತಿದ್ದೆ ಹೇಳು, ಬಸ್ಸಿನ ಹಾರ್ನು, ಆಮೇಲೆ, ಅಯ್ಯ ಮರ್ತೇ ಹೋತು ಬಿಡ್ರಿ.

ಪರದೆಯ ಮೇಲೆ ಅದೇ ಸೂಚನೆಯ ಚೌಕ, ಈ ಯಂತ್ರ ತಡೆದು ನಿಲ್ಲಿಸಿದ ಸ್ಥಿತಿಯಲ್ಲಿದೆ, ಪೂರ್ತಿ ಆಫ್ ಮಾಡಿದರೆ ಮಾತ್ರ ಫೈಲಾಗಿ ಕಟ್ಟಲು ಬರುತ್ತದೆ, ಗೊತ್ತು ಮಾರಾಯ, ಗೊತ್ತು, ಎರಡು ವರ್ಷದಿಂದ ಗೊತ್ತು, ಆಫ್ ಮಾಡಿದರೆ ಟೇಬಲಿನ ಇನ್ನೂರ ಹನ್ನೆರಡು ಸಾಲಿಗೆ ಏನೂ ಆಗದು, ಅವು ಡಿಸ್ಕಿನಲ್ಲಿ ಗಟ್ಟಿಯಾಗಿ ಕೂತಿವೆ, ಹೋಗುವುದು ಆ ಒಂದು ಅರ್ಧ ಸಾಲು, ಅದು ಎಲ್ಲೂ ಸೇವ್ ಆಗಿಲ್ಲ, ಆಶಕ್ಕ ಟೈಪ್ ಮಾಡುತ್ತ ಎಲ್ಲಿ ಬಿಟ್ಟಳೋ ಅಲ್ಲೇ ನಿಂತಿದೆ, ಇಷ್ಟು ದಿನ ಹೊಸಬರಿಗೆ ಮೊದಲೊಮ್ಮೆ ಕಟ್ಟಿಟ್ಟ ಹಳೆಯ ಫೈಲನ್ನೇ ಕೊಟ್ಟು ಸಾಗಿಸಿದೆ, ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಏಳುವುದೇ ಇಲ್ಲ, ಇದನ್ನೇ ಹೊಸದಾಗಿ ಕಟ್ಟಬೇಕು, ಮೊದಲು ಈ ಅರ್ಧ ಸಾಲನ್ನು ಉಳಿಸಲು ನೋಡಿದೆ, ಫೋಲ್ಡರನ್ನು ಹಾಗೇ ನಕಲು ಮಾಡಿ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದೆ, ಒಪ್ಪಲಿಲ್ಲ, ಪ್ರೊಸೆಸರ್ ಬೇರೆಯಂತೆ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆ, ಫೋಟೋದಲ್ಲಿ ಸಾಲಿನ ತುದಿಯ ಗೆರೆ ಮಿಣುಕುವುದಿಲ್ಲ.

ಪುಸ್ತಕದ ಮಾದರಿ ಟೇಬಲಿನಲ್ಲಿ ಯಾರೋ ಜಾನ್, ಯಾರೋ ಮೇರಿ, ಅವರ ಇಲಾಖೆ, ಅವರ ಹುದ್ದೆ, ಇವ್ರು ನಮ್ಗೇನಾಗ್ಬೇಕು ಫಿರ್ದೌಸ್, ಬೀಗ್ರಾ, ಎಂದು ಆಶಕ್ಕ ಅದನ್ನು ಅಳಿಸಿ ತನ್ನದೊಂದು ಟೇಬಲ್ ಮಾಡಿದಳು, ಅದಕ್ಕೆ ಜನ ಎಂದು ಹೆಸರಿಟ್ಟಳು, ಕಾಲಂ ಮೂರೇ, ಹೆಸರು, ಊರು, ಮಾತು, ಯಾರು ಯಾವ ಮಾತನ್ನು ಯಾವಾಗಲೂ ಆಡುತ್ತಾರೋ ಅದು, ಹರಿಹರದಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವಲ್ಲ, ಕೇಳಿದ್ದನ್ನು ಟಿಕೆಟಿನ ಹಿಂದೆ ಬರೆದುಕೊಳ್ಳುವಳು, ಇಲ್ಲಿ ಬಂದು ಟೈಪ್ ಮಾಡುವಳು, ಕಪ್ಪು ಪರದೆಯಲ್ಲಿ ಒತ್ತಕ್ಷರಗಳು ಚೆದುರಿ ಬಿದ್ದಿರುತ್ತಿದ್ದವು, ಇರ್ಲಿ ಬಿಡು, ಮಾತೂ ಹಂಗೇ ಅಲ್ವಾ ಎನ್ನುವಳು, ಮೊದಲ ಸಾಲು ಆನೆಕೊಂಡದ ಹೂವಿನ ಕೊಟ್ರವ್ವ, ಮೊಳ ಅಂದ್ರೆ ನನ್ ಕೈ ಮೊಳ ಕಣವ್ವ, ನಿನ್ ಕೈದಲ್ಲ, ಎರಡನೇದು ಕಂಡಕ್ಟರ್ ರೇವಣ್ಣ, ಒಳಗ್ ಹೋಗ್ರಿ, ಬಸ್ನಾಗೆ ಜಾಗ ಐತೆ, ನಿಮ್ ಮನಸ್ನಾಗಿಲ್ಲ, ಮೂರನೇದು ನಮ್ಮ ಅಮ್ಮಿ ಮೆಹರ್ ಬಾನು, ಇನ್‌ಶಾ ಅಲ್ಲಾ ನಾಳೆ ನೋಡಾಣ, ಈಗ ಉಣ್ಣು ಬಾ, ಬಂದವರೆಲ್ಲ ಮೊದಲು ತಮ್ಮ ಊರಿನ ಹೆಸರು ಕೊಟ್ಟು ಹುಡುಕುವರು, ಪರಿಚಯದ ಮಾತು ಪರದೆಗೆ ಬಂದ ಕೂಡಲೇ ನಗು, ಕಲಿತದ್ದೇ ಗೊತ್ತಾಗದು, ಇನ್ನೂರ ಹನ್ನೆರಡು ಜನ ಸೇರಿದರು, ಆಮೇಲೆ ನನ್ನ ಸರದಿ ಬಂತು.

ಈ ಕಡಿ ತಿರುಗ್ಬ್ಯಾಡ, ನೋಡ್ಬ್ಯಾಡ, ನಿನ್ ಮಾತು ಬರೀತಿದೀನಿ — ನನ್ದ್ಯಾವ ಮಾತಕ್ಕ, ನಂಗೇ ಗೊತ್ತಿಲ್ಲ — ಯಾರಿಗೂ ತಮ್ದು ಗೊತ್ತಿರಾದಿಲ್ಲ, ಪಕ್ಕದಾಗ್ ಕೂತೋರಿಗೆ ಗೊತ್ತು — ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ, ಕೆಳಗೆ ಮಂಡಕ್ಕಿ ಕಲಸುತ್ತಿದ್ದರು, ಕೀಲಿಗಳ ಸದ್ದು ಟಕಟಕ, ಒಂದು ದೊಡ್ಡ ಟಕ್, ಆಮೇಲೆ ಇಲ್ಲ, ತಿರುಗಿ ನೋಡಿದರೆ ಫಿರ್ದೌಸ್, ಹರಿಹರ, ಆಮೇಲೆ ಕೊಟೇಷನ್ ಗುರುತು ತೆರೆದಿದೆ, ಮಾತಿಲ್ಲ, ಎಂಟರ್ ಒತ್ತಿದ್ದಾಳೆ, ಹೊಸಬರೆಲ್ಲ ಮಾಡುವ ತಪ್ಪು, ಮಾತು ಶುರು ಎಂದು ಗುರುತು ಹಾಕಿ ಮುಗಿಯಿತು ಎಂಬ ಗುರುತು ಹಾಕದಿದ್ದರೆ ಈ ಡೇಟಾಬೇಸ್ ಬೈಯುವುದಿಲ್ಲ, ಎರರ್ ಕೊಡುವುದಿಲ್ಲ, ಕೆಳಗಿನ ಸಾಲಿನಲ್ಲಿ ಒಂದು ಕೊಟೇಷನ್, ಒಂದು ಬಾಣದ ಮೊನೆ, ಅದರ ಮುಂದೆ ಮಿಣುಕುವ ಒಂದು ಗೆರೆ, ಅಷ್ಟೇ, ಮೇಡಂ ಹ್ಯಾಂಗ್ ಆತು ಎಂದು ಹುಡುಗಿಯರು ಗಾಬರಿಯಾದರೆ ಆಶಕ್ಕನೇ ಹೇಳುವಳು, ಹ್ಯಾಂಗ್ ಆಗಿಲ್ಲವ್ವ, ನಿನ್ ಮಾತು ಮುಗೀಲಿ ಅಂತ ಕಾಯ್ತೈತೆ — ಅಂಥವಳೇ ತಪ್ಪು ಮಾಡಿದ್ದಾಳೆ ಎಂದು ನಕ್ಕೆನಲ್ಲ, ನಾನು ನಕ್ಕೆ, ಏನಕ್ಕ, ಹೊಸಬ್ರಂಗೆ ಕೊಟೇಷನ್ ಮುಚ್ಚಾದು ಮರ್ತ್ಯಾ ಎಂದೆ, ಅವಳೂ ನಕ್ಕಳು, ಬಾಯಿಯ ಅರ್ಧ ಮಾತ್ರ ನಕ್ಕಿತು, ಅದು, ಎಂದಳು, ಏನದು ಎಂದೆ, ಅದು, ಎಂದಳು ಮತ್ತೆ, ಆಟ ಆಡುತ್ತಿದ್ದಾಳೆ ಅಂದುಕೊಂಡೆ, ಏನದು ಏನದು ಎಂದು ನಾನೂ ಆಟಕ್ಕಿಳಿದೆ, ಬಲಗೈ ಕೀಬೋರ್ಡಿನಿಂದ ಜಾರಿ ತೊಡೆಗೆ ಬಿದ್ದಾಗಲೂ ನಗುತ್ತಿದ್ದೆ, ಎಷ್ಟು ನಿಮಿಷ, ಮೂರೋ, ಐದೋ, ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದೂ ಅದನ್ನೇ, ಶುರುವಾಗಿ ಎಷ್ಟೊತ್ತಾತಮ್ಮ, ಮೆದುಳಿಗೆ ರಕ್ತ ಹೋಗ್ತಿಲ್ಲ, ಪ್ರತಿ ನಿಮಿಷಾನೂ ಮುಖ್ಯ, ನಾನು ನಕ್ಕ ನಿಮಿಷಗಳನ್ನು ಅವರಿಗೆ ಹೇಳಲಿಲ್ಲ. ಗದ್ದಲದಲ್ಲಿ ಮಾಳಿಂಗಪ್ಪನವರು ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದರು, ಮಾರನೇ ವಾರ ತೆರೆದರೆ ಗೆರೆ ಅಲ್ಲೇ ಮಿಣುಕುತ್ತಿತ್ತು, ಆಫ್ ಮಾಡಲು ಕೈ ಬರಲಿಲ್ಲ, ಇದ್ದ ಸ್ಥಿತಿಯಲ್ಲೇ ತಡೆದಿಟ್ಟೆ, ಅಂದಿನಿಂದ ತೆರೆದು ನೋಡುವುದು, ಮತ್ತೆ ತಡೆದಿಡುವುದು.

ಆಶಕ್ಕ ನಡೆಯುತ್ತಾಳೆ ಈಗ, ಗೋಡೆ ಹಿಡಿದು, ಎಡಗೈಯಲ್ಲಿ ಉಣ್ಣುತ್ತಾಳೆ, ಎಲ್ಲ ಅರ್ಥವಾಗುತ್ತದೆ, ಇಡೀ ಊರಿನ ಮಾತನ್ನು ಟಿಕೆಟಿನ ಹಿಂದೆ ಬರೆದವಳ ಬಾಯಲ್ಲಿ ಉಳಿದದ್ದು ಒಂದೇ, ಅದು, ನೀರಿಗೂ ಅದು, ಟೀವಿಗೂ ಅದು, ನೋವಿಗೂ ಅದು, ಭಾನುವಾರ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ, ಅದು! — ಅವ್ವ ನಿಮ್ನ ನೋಡಿದ್ರೆ ಮಾತ್ರ ಅಷ್ಟು ಜೋರಾಗಿ ಅಂತಾಳೆ ಆಂಟಿ, ನಮ್ಗೆಲ್ಲ ಮೆತ್ತಗೆ, ಎನ್ನುತ್ತಾಳೆ ಮಗಳು ಬಿಂದು, ಹುಸಿ ಮುನಿಸಿನಿಂದ, ಮೊನ್ನೆ ಭಾನುವಾರ ಸೆಂಟರಿನಿಂದ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹರಿಹರಕ್ಕೆ ಹೋದೆ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು, ಕಿಟಕಿಯಿಂದ ಗಾಳಿ ಬಂದಾಗ ಸೆರಗು ಮುಚ್ಚಿದೆ, ಅದಕ್ಕೇನು ಚಳಿಯಾ, ಅವಳ ಮುಂದೆ ತೆರೆದಿಟ್ಟೆ, ನೋಡಕ್ಕ, ಇನ್ನೂ ಕಾಯ್ತೈತೆ, ನನ್ ಮಾತೇನು, ಒಂದ್ಸಲ ಬರಿ, ಅವಳು ತುಂಬ ಹೊತ್ತು ನೋಡಿದಳು, ಎಡಗೈ ಬೆರಳು ಎತ್ತಿದಳು, ಒತ್ತಿದಳು, ಎಂಟರ್, ಕೆಳಗೆ ಇನ್ನೊಂದು ಕೊಟೇಷನ್, ಇನ್ನೊಂದು ಬಾಣ, ಮತ್ತೆ ಒತ್ತಿದಳು, ಮತ್ತೆ, ಏಳು ಸಲ, ಏಳು ಖಾಲಿ ಸಾಲು, ನಗುತ್ತ, ನನ್ನ ಮುಖ ನೋಡುತ್ತ, ಈ ಸಲ ನಾನು ನಗಲಿಲ್ಲ, ಆಮೇಲೆ ನಕ್ಕೆ, ಅವಳು ನಗುವಾಗ ನಗದೆ ಇರುವುದು ಹೇಗೆ.

ಎರಡು ಐವತ್ತು, ಮೆಟ್ಟಿಲ ಮೇಲೆ ಚಪ್ಪಲಿಗಳು, ಮಾಳಿಂಗಪ್ಪನವರ ದನಿ, ಬರ್ರಿ ಬರ್ರಿ, ಮೇಡಂ ಒಳಗವ್ರೆ, ಅದರ ಹಿಂದೆ ಭಾಗ್ಯಳ ದನಿ, ಯಾರಿಗೋ ಹೇಳುತ್ತಿದ್ದಾಳೆ, ಹೆದರ್ಬ್ಯಾಡ ಬಾರೇ, ಈ ಸಲ ಹೊಗಿ ಇಲ್ವಂತೆ, ಹೌದು ಭಾಗ್ಯ, ಇಲ್ಲ, ಇರಬಾರದು, ಸಾಲು ಮುಚ್ಚಿದರೆ ಅದೂ ಡಿಸ್ಕಿಗೆ ಇಳಿಯುತ್ತದೆ, ಇನ್ನೂರ ಹದಿಮೂರನೇದಾಗಿ, ಆಮೇಲೆ ಆಫ್ ಮಾಡಬಹುದು, ಕಟ್ಟಬಹುದು, ಹನ್ನೊಂದು ಜನರ ಒಲೆ ಹೊತ್ತುತ್ತದೆ, ಈ ಡೇಟಾಬೇಸಿಗೆ ಖಾಲಿ ಸಾಲೂ ಮಾತೇ, ಆಶಕ್ಕ ಒತ್ತಿದ ಏಳನ್ನೂ ಒಳಗೆ ಸೇರಿಸಿಕೊಳ್ಳುತ್ತದೆ, ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಪಕ್ಕದಲ್ಲಿ ಕೂತವಳು ನನ್ನನ್ನು ಕಂಡಾಗ ಏನನ್ನುತ್ತಾಳೋ ಅದು ಗೊತ್ತು, ತಡೆದಿಟ್ಟ ಯಂತ್ರವನ್ನು ಎಬ್ಬಿಸಿ ಟೈಪ್ ಮಾಡಿದೆ, ಅ, ದು, ಏಳು ಖಾಲಿ ಸಾಲಿನ ಕೆಳಗೆ, ಅದು, ಇನ್ನು ಮುಚ್ಚುವ ಗುರುತೊಂದೇ, ಬೆರಳು ಕೀಲಿಯ ಮೇಲಿದೆ, ಒಂದು ಒತ್ತು, ಸಣ್ಣ ಒತ್ತು, ಮೇಡಂ ಬಂದ್ವಿ, ಬಂದೆ ಇರವ್ವ, ಒತ್ತುತ್ತೇನೆ, ಈಗ ಒತ್ತುತ್ತೇನೆ, ಅದು, ಅದರ ಮುಂದೆ ಗೆರೆ, ಇದೆ, ಇಲ್ಲ, ಇದೆ, ಇಲ್ಲ, ಇದೆ —