ಹತ್ತಿರದವರು

ಆಟದಲ್ಲಿ ಪೇಂಟ್ ಅಂಗಡಿ ಮಾಲೀಕನ ವೀರನನ್ನು ಬದುಕಿಸಬೇಕಾದರೆ ಅವಳು ಆಡಿಸುತ್ತಿದ್ದ ವೈದ್ಯೆಯ ಬಳಿ ಉಳಿದಿದ್ದ ಒಂದೇ ಒಂದು ಮಂತ್ರ ಖರ್ಚಾಗುತ್ತಿತ್ತು. ಆಮೇಲೆ ವೈದ್ಯೆಗೇ ಏಟು ಬಿದ್ದರೆ ಮುಗಿಯಿತು. ವೀರರು, ಡ್ರ್ಯಾಗನ್‌ಗಳ ಕಥೆ ಕಟ್ಟುತ್ತ ದಾಳ ಉರುಳಿಸುವ ಆ ಆಟದಲ್ಲಿ ಸತ್ತ ಪಾತ್ರ ಮತ್ತೆ ಏಳುವಂತಿಲ್ಲ. ಮೂರು ವರ್ಷ, ಭಾನುವಾರ ತಪ್ಪಿಸದೆ ಕೂತು ಅವಳು ಬೆಳೆಸಿದ ಪಾತ್ರ ಅದು.

ಮಾಲೀಕನ ವೀರ ಸಾಯುವ ಸ್ಥಿತಿಗೆ ಬಂದದ್ದು ಸ್ವಂತ ದುರಾಸೆಯಿಂದ. ಎಲ್ಲರೂ ಬೇಡವೆಂದರೂ ನಿಧಿಯ ವಾಸನೆ ಹಿಡಿದು ಹೊಳೆ ದಾಟಿ ಗುಹೆಗೆ ನುಗ್ಗಿದ್ದ. ಪ್ಲೈವುಡ್ ಹಲಗೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದ ಚೌಕಾಬಾರದಂಥ ಮನೆಗಳ ಆ ತುದಿಯಲ್ಲಿ ಅವನ ಗೊಂಬೆ ಮಗುಚಿಕೊಂಡಿತ್ತು.

"ಮಂತ್ರ ಹಾಕಮ್ಮ, ಏನ್ ನೋಡ್ತಾ ಕೂತಿದೀಯ?" ಎಂದ, ಅಂಗಡಿಯಲ್ಲಿ ಏಣಿ ತರಿಸುವ ದನಿಯಲ್ಲೇ.

"ಹತ್ತಿರದವರ ಗಾಯ ಮಾಯುತ್ತದೆ ಅಂತ ಪುಸ್ತಕದಲ್ಲಿದೆ ಸರ್. ನೀವು ಹೊಳೆ ಆಚೆ ಇದೀರಲ್ಲ?"

ಎಲ್ಲರೂ ಅವಳ ಗಂಡನ ಕಡೆ ತಿರುಗಿದರು. ಆಟ ನಡೆಸಿ ತೀರ್ಪು ಕೊಡುವವನು ಅವನು. ಆಡುವವರು ಅವನನ್ನು ಯಜಮಾನ ಎನ್ನುತ್ತಿದ್ದರು. ಆ ಹೆಸರು ಅವನಿಗೆ ಭಾನುವಾರ ಮಾತ್ರ ಸಲ್ಲುತ್ತಿತ್ತು. ಉಳಿದ ದಿನ ಅದೇ ಮಾಲೀಕನ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಿದ್ದ. ಹೊಸ ಶಾಖೆ ಯಾರ ಕೈಗೆ ಎಂಬುದು ಇನ್ನೂ ನಿಕ್ಕಿಯಾಗಿರಲಿಲ್ಲ.

"ಹತ್ತಿರದವರು ಅಂದ್ರೆ ನಮ್ಮವರು ಅಂತ," ಎಂದ ಯಜಮಾನ. "ಟೇಪ್ ಹಿಡಿದು ಅಳೆಯೋದಲ್ಲ. ಸರ್ ನಮ್ಮವರೇ ತಾನೆ?"

ಅವಳು ಮಂತ್ರ ಹಾಕಿದಳು. ಮಾಲೀಕನ ವೀರ ಎದ್ದ. ಹಿಂದಕ್ಕೆ ಬರಲಿಲ್ಲ, ನಿಧಿಯ ಹಿಂದೆಯೇ ಓಡಿದ. ಕೆರಳಿದ ಡ್ರ್ಯಾಗನ್ ಹೊಳೆ ದಾಟಿ ಈಚೆ ಬಂತು. ದಾಳ ಉರುಳಿತು. ವೈದ್ಯೆ ಬಿದ್ದಳು.

"ಅಕ್ಕ, ಹೆದರ್ಬೇಡ," ಎಂದ ಅವಳ ತಮ್ಮ. "ನನ್ನ ಪಾತ್ರದ ಹತ್ರ ಇರೋ ಮದ್ದಿನ ಸೀಸೇಲೂ ಅದೇ ಮಂತ್ರ ಇದೆ. ತಗೋ."

"ಏ, ತಡಿಯಪ್ಪ," ಎಂದ ಮಾಲೀಕ. "ಸೀಸೆ ನನಗೆ ಬೇಕಾಗತ್ತೆ. ಅವಳು ನಿನ್ನಿಂದ ಮೂರು ಮನೆ ಆಚೆ ಇದಾಳೆ. ಹತ್ತಿರ ಎಲ್ಲಿಂದ ಬಂತು?"

"ಭಾವ, ಹತ್ತಿರ ಅಂದ್ರೆ ನಮ್ಮವರು ಅಂತ ಈಗ ತಾನೆ ಹೇಳಿದ್ರಲ್ಲ!"

ಯಜಮಾನ ಪುಸ್ತಕದ ಮೇಲೆ ಬೆರಳಾಡಿಸಿದ. ಇದ್ದದ್ದು ಅದೇ ಒಂದು ಸಾಲು. ಅದನ್ನೇ ಓದಿದ, ಮಾಲೀಕನ ಮುಖ ನೋಡಿದ, ಮತ್ತೆ ಓದಿದ.

"ಅದು ಬಾಯಲ್ಲಿ ಹೇಳೋ ಮಂತ್ರಕ್ಕೆ. ಸೀಸೆ ಕೈಗೇ ಕೊಡ್ಬೇಕಲ್ಲ, ಪಕ್ಕದ ಮನೇಲೇ ಇರ್ಬೇಕು."

"ನೀರು ಬೆರೆಸಿದ ಬಣ್ಣಾನೂ ಇಷ್ಟು ಬೇಗ ಬಿಡಲ್ಲ ಭಾವ!"

ಮಾಲೀಕ ಹೊಟ್ಟೆ ಕುಲುಕಿಸಿ ನಕ್ಕ. ಅವನು ನಕ್ಕನೆಂದು ಯಜಮಾನನೂ ನಕ್ಕ.

ಅವಳು ನಗಲಿಲ್ಲ. "ನಾನು ಹತ್ತಿರದವಳಲ್ವೇನ್ರೀ?"

"ನಿಯಮ ಅಂದ್ರೆ ನಿಯಮ ಕಣೇ," ಎಂದ ಅವನು, ಪುಸ್ತಕಕ್ಕೆ.

ಅವಳು ತನ್ನ ಗೊಂಬೆಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಡಬ್ಬಿಗೆ ಹಾಕಿದಳು.

ಎಲ್ಲರೂ ಹೋದ ಮೇಲೆ ಯಜಮಾನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಹೊಸ ಪಾತ್ರ ಮಾಡ್ಕೋ. ಏನ್ ಶಕ್ತಿ ಬೇಕೋ ಕೇಳು, ಕೊಡ್ತೀನಿ."

"ಬೇಡ. ಇನ್ಮೇಲೆ ಭಾನುವಾರ ಅಮ್ಮನ ಮನೆಗೆ ಹೋಗ್ತೀನಿ," ಎಂದು ಅವಳು ಲೋಟಗಳನ್ನು ತೊಳೆದು ಬೋರಲು ಹಾಕಿದಳು.

ಮಾಲೀಕನಿಗೆ ನಿಧಿ ಸಿಕ್ಕಿತು. ಯಜಮಾನನಿಗೆ ಹೊಸ ಶಾಖೆಯ ಬೀಗದ ಕೈ ಸಿಕ್ಕಿತು. ಗುಂಪಿನಲ್ಲಿ ಗಾಯ ಮಾಯಿಸುವವರು ಯಾರೂ ಉಳಿಯಲಿಲ್ಲ.